ಅಡುಗೆಯಾಕೆಯನ್ನೇ ಯಾಕೆ ಬೇರೆ ಊರಿಗೆ ಕಳಿಸಬೇಕು?

೨೦೨೫ರ ನವೆಂಬರ್ ತಿಂಗಳ ಕೊನೆಯಲ್ಲಿ ತಿರುಪ್ಪೂರಿನ ವಿಶೇಷ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನದ ಊಟ ಬೇಯಿಸುವ ದಲಿತ ಹೆಂಗಸೊಬ್ಬರನ್ನು ಅಡುಗೆ ಮಾಡದಂತೆ ತಡೆದ ಪ್ರಕರಣದಲ್ಲಿ ಆರು ಜನರಿಗೆ ಎರಡು ವರ್ಷ ಜೈಲು. ಘಟನೆ ನಡೆದದ್ದು ೨೦೧೮ರ ಜುಲೈಯಲ್ಲಿ. ಆಗ ಆ ಶಾಲೆಯಲ್ಲಿ ಆರನೇ ತರಗತಿಯಲ್ಲಿದ್ದ ಮಗು ತೀರ್ಪು ಬರುವ ಹೊತ್ತಿಗೆ ಕಾಲೇಜು ಸೇರುವಷ್ಟು ದೊಡ್ಡದಾಗಿತ್ತು! ಕರ್ನಾಟಕದ ಕಡೆಯ ಎಷ್ಟೋ ಜನಕ್ಕೆ ಈ ಸುದ್ದಿ ಗೊತ್ತಿರಲಿಕ್ಕಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಆ ಊರಿನ ಹೆಸರು ತಿರುಮಲೈ ಗೌಂಡಂಪಾಳಯಂ. ಅವಿನಾಶಿ ತಾಲ್ಲೂಕು, ಸೇವೂರಿನ ಬಳಿ. ನಮ್ಮ ಕುನ್ನತ್ತೂರಿಗೆ ಅದೇನೂ ದೂರವಲ್ಲ. ಅಂದ ಹಾಗೆ ಕುನ್ನತ್ತೂರು ಮೊದಲು ಈರೋಡು ಜಿಲ್ಲೆಯಲ್ಲಿತ್ತು, ೨೦೦೯ರಲ್ಲಿ ತಿರುಪ್ಪೂರು ಜಿಲ್ಲೆಯಾದಾಗ ಈ ಕಡೆ ಬಂತು. ನಾನು ಪಾಠ ಹೇಳುವುದು ತಾಳವಾಡಿ ಕಡೆಯ ಒಂದು ಸರ್ಕಾರಿ ಕನ್ನಡ ಶಾಲೆಯಲ್ಲಿ. ವಾರವೆಲ್ಲ ಬೆಟ್ಟದ ಮೇಲೆ, ರಜೆ ಬಂದರೆ ಕುನ್ನತ್ತೂರಿನ ಯಜಮಾನರ ಮನೆ. ದಿಂಬಂ ಘಾಟಿಯ ೨೭ ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲ, ಗೋಬಿ ದಾಟಿ ಬರುವಷ್ಟರಲ್ಲಿ ಬಸ್ಸಿನೊಳಗಿನ ಕನ್ನಡ ಇಳಿದುಹೋಗಿ ತಮಿಳು ಹತ್ತಿಕೊಂಡಿರುತ್ತದೆ. ಜಾತಿ ಮಾತ್ರ ಯಾವ ತಿರುವಿನಲ್ಲೂ ಇಳಿಯುವುದಿಲ್ಲ.

ಇರಲಿ, ವಿಷಯಕ್ಕೆ ಬರುತ್ತೇನೆ. ಆ ಅಡುಗೆಯಾಕೆ ಅರುಂಧತಿಯಾರ್ ಸಮುದಾಯದವರು. ವರ್ಷಗಟ್ಟಲೆ ಬೇರೆ ಶಾಲೆಗಳಲ್ಲಿ ಇದೇ ಕೆಲಸ ಮಾಡಿ, ೨೦೧೮ರ ಜುಲೈಯಲ್ಲಿ ತಮ್ಮ ಸ್ವಂತ ಊರಿನ ಸರ್ಕಾರಿ ಪ್ರೌಢಶಾಲೆಗೆ ವರ್ಗವಾಗಿ ಬಂದರು. ಮೇಲ್ಜಾತಿಯ ಕೆಲವು ಪೋಷಕರು ಶಾಲೆಯ ಮುಂದೆ ಸೇರಿ ಆಕೆ ಅಡುಗೆ ಮಾಡಕೂಡದು ಅಂದರು. ಮಾಡಿದರೆ ಮಕ್ಕಳನ್ನು ಶಾಲೆಗೇ ಕಳಿಸುವುದಿಲ್ಲ ಅಂದರು. ಅಕ್ಕಿ ಸರ್ಕಾರದ್ದು, ಬೇಳೆ ಸರ್ಕಾರದ್ದು, ಪಾತ್ರೆ ಸರ್ಕಾರದ್ದು. ಅವರಿಗೆ ಬೇಡವಾದದ್ದು ಕೈ ಮಾತ್ರ.

ಇಲ್ಲಿಯವರೆಗಿನದ್ದು ನಮಗೆ ಹೊಸದೇನಲ್ಲ, ಇಂಥ ಸುದ್ದಿ ಓದಿ ಓದಿ ಅಭ್ಯಾಸವಾಗಿದೆ. ಆಮೇಲೆ ಏನಾಯಿತು ನೋಡಿ. ಬ್ಲಾಕ್ ಮಟ್ಟದ ಅಧಿಕಾರಿಗಳು ಬಂದರು. ಬಂದವರು ತಡೆದವರ ಮೇಲೆ ದೂರು ಕೊಡಲಿಲ್ಲ. ಅಡುಗೆಯಾಕೆಯನ್ನೇ ವಾಪಸ್ ಹಳೆಯ ಶಾಲೆಗೆ ಕಳಿಸುವ ಆದೇಶ ಹೊರಡಿಸಿದರು! ಗಲಾಟೆ ಬೇಡ, ಶಾಲೆ ನಡೆಯಬೇಕು ಅಂತ. ತಪ್ಪು ಮಾಡಿದವರು ನಿಂತಲ್ಲೇ ನಿಂತರು. ತಪ್ಪೇ ಮಾಡದವರ ಕೈಗೆ ವರ್ಗದ ಕಾಗದ ಬಂತು.

ನನ್ನನ್ನು ಇಷ್ಟು ವರ್ಷ ಕಾಡಿದ್ದು ಈ ಕಾಗದವೇ. ಗೇಟಿನ ಮುಂದೆ ಕೂಗಿದವರನ್ನು ಕೆಟ್ಟವರು ಅನ್ನುವುದು ಸುಲಭ. ಆದರೆ ಆ ಕಾಗದ ಬರೆದದ್ದು ಕೂಗುವವರಲ್ಲ. ನನ್ನ ನಿಮ್ಮಂಥ, ಓದಿದ, ಸಂಬಳ ತೆಗೆದುಕೊಳ್ಳುವ, ಯಾರ ಮೇಲೂ ದ್ವೇಷವಿಲ್ಲದ ಜನ. ಅವರಿಗೆ ಬೇಕಾದದ್ದು ಶಾಂತಿ. ಆ ಶಾಂತಿಗೆ ಯಾವಾಗಲೂ ಬೆಲೆ ಕೊಡಬೇಕಾದವರು ಮಾತ್ರ ಒಬ್ಬರೇ.

ಆದರೆ ಈ ಸಲ ಕಥೆ ಅಲ್ಲಿಗೆ ನಿಲ್ಲಲಿಲ್ಲ. ತಮಿಳುನಾಡು ಅಸ್ಪೃಶ್ಯತಾ ನಿರ್ಮೂಲನ ರಂಗದವರು, ಎಡಪಕ್ಷದವರು, ದಲಿತ ಸಂಘಟನೆಗಳವರು ಬೀದಿಗಿಳಿದರು. ಸಬ್ ಕಲೆಕ್ಟರ್ ಮಧ್ಯೆ ಬಂದು ಆ ವರ್ಗಾವಣೆಯನ್ನು ರದ್ದು ಮಾಡಿದರು. ಆಕೆ ಅದೇ ಶಾಲೆಯಲ್ಲಿ ಉಳಿಯುವಂತಾಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ಕೇಸು ದಾಖಲಾಯಿತು. ಏಳು ವರ್ಷ ಕೋರ್ಟಿಗೆ ಅಲೆದು, ಊರಿನಲ್ಲೇ ಇದ್ದು, ಊರಿನವರ ವಿರುದ್ಧವೇ ನಿಲ್ಲುವುದು ಸಣ್ಣ ಮಾತಲ್ಲ. ಆರೋಪ ಹೊತ್ತವರಲ್ಲಿ ಹೆಚ್ಚಿನವರು ಬಿಡುಗಡೆಯಾದರು, ಆರು ಜನರಿಗೆ ಶಿಕ್ಷೆಯಾಯಿತು. ಶಿಕ್ಷೆಯ ಲೆಕ್ಕಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ವರ್ಗಾವಣೆ ರದ್ದಾದ ಆ ಒಂದು ಆದೇಶ. ಒಂದು ಪುಟ ತಪ್ಪಿಸಿದ ನ್ಯಾಯವನ್ನು ಇನ್ನೊಂದು ಪುಟ ವಾಪಸ್ ತಂದಿತು.

ತೀರ್ಪಿನ ಸುದ್ದಿ ಬಂದ ವಾರ ಕುನ್ನತ್ತೂರಿನಲ್ಲಿ ನಮ್ಮ ಬೀದಿಯಲ್ಲೂ ಮಾತಾಯಿತು. "ಇಷ್ಟು ವರ್ಷ ಆದ ಮೇಲೆ ಇದೆಲ್ಲ ಬೇಕಿತ್ತಾ? ಆಕೆಗೆ ಪಕ್ಕದ ಶಾಲೆಯಲ್ಲಿ ಕೆಲಸ ಇದ್ದೇ ಇತ್ತಲ್ಲ?" ಅಂದರು ನಮ್ಮವರೇ ಒಬ್ಬರು. ಕೆಟ್ಟ ಮನುಷ್ಯರಲ್ಲ. ನಾನು ಕೇಳಿದೆ, "ಮಾವಾ, ನಾಳೆ ನನಗೂ ಯಾರಾದರೂ ಈ ಶಾಲೆಯಲ್ಲಿ ನೀನು ಕನ್ನಡದವಳು ಬೇಡ, ಪಕ್ಕದ ಶಾಲೆಗೆ ಹೋಗು ಅಂದರೆ?" ಅವರು ತಕ್ಷಣ ಅಂದರು, "ಅದು ಹೇಗಾಗುತ್ತೆ? ಸಂಘದವರನ್ನೆಲ್ಲ ಸೇರಿಸೋಣ." ನೋಡಿ, ನಮ್ಮ ಸರದಿ ಬಂದಾಗ ಸಂಘ ನೆನಪಾಗುತ್ತದೆ!

ಈ ಭಾಗದ ಕನ್ನಡಿಗರಾದ ನಾವು ಭಾಷಾ ಅಲ್ಪಸಂಖ್ಯಾತರು. ಸಂವಿಧಾನದ ೩೦ನೇ ವಿಧಿ, ೩೫೦ಎ ವಿಧಿ ನಮಗೆ ಬಾಯಿಪಾಠ. ೨೦೦೬ರಲ್ಲಿ ತಮಿಳು ಕಲಿಕೆಯ ಕಾಯ್ದೆ ಬಂದ ಮೇಲೆ ಗಡಿಯ ಶಾಲೆಗಳ ಮಕ್ಕಳ ಪರೀಕ್ಷೆಯ ಚಿಂತೆ ನಮ್ಮದು. ಪುಸ್ತಕ ತಡ, ಶಿಕ್ಷಕರ ಹುದ್ದೆ ಖಾಲಿ, ಎಲ್ಲವೂ ನಿಜ, ಎಲ್ಲದಕ್ಕೂ ದನಿಯೆತ್ತಲೇಬೇಕು. ಆದರೆ ಒಂದು ಪ್ರಶ್ನೆ. ಪಶ್ಚಿಮ ತಮಿಳುನಾಡಿನ ಅರುಂಧತಿಯಾರರಲ್ಲಿ ಹಲವರ ಮನೆಮಾತು ತೆಲುಗು, ಕೆಲವರದು ಕನ್ನಡ. ನೇಕಾರ ದೇವಾಂಗರನ್ನು, ಒಕ್ಕಲಿಗರನ್ನು ಇಲ್ಲಿನ ಕನ್ನಡಿಗರು ಅಂತ ಹೆಮ್ಮೆಯಿಂದ ಎಣಿಸುವ ನಾವು, ಚರಂಡಿ ತೆಗೆಯುವ, ಚಪ್ಪಲಿ ಹೊಲಿಯುವ ಕೇರಿಯ ಕನ್ನಡವನ್ನು ಆ ಲೆಕ್ಕಕ್ಕೆ ಸೇರಿಸಿದ್ದೇವಾ? ನಮಗಿಂತ ಕಡಿಮೆ ಇರುವವರ ಪರವಾಗಿ ನಿಲ್ಲದ ಅಲ್ಪಸಂಖ್ಯಾತರು ತಮ್ಮ ಪರವಾಗಿ ಯಾರಾದರೂ ನಿಲ್ಲಲಿ ಅಂತ ಹೇಗೆ ಕೇಳುವುದು?

ಶಾಲೆಯ ಊಟದ ವಿಷಯದಲ್ಲಿ ತಮಿಳುನಾಡಿಗೆ ದೊಡ್ಡ ಚರಿತ್ರೆಯಿದೆ. ಕಾಮರಾಜರು ೧೯೫೬ರಲ್ಲಿ ಶುರು ಮಾಡಿದ್ದು, ಎಂ.ಜಿ.ಆರ್. ೧೯೮೨ರಲ್ಲಿ ದೊಡ್ಡದಾಗಿ ವಿಸ್ತರಿಸಿದ್ದು. ೨೦೦೧ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದ ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ ಬಂದದ್ದು ಅದರ ನಂತರ, ೨೦೦೨ರಲ್ಲಿ. ೨೦೦೪ರ ಏಪ್ರಿಲ್‌ನಲ್ಲಿ ಅದೇ ಕೋರ್ಟ್ ಇನ್ನೂ ಒಂದು ಮಾತು ಹೇಳಿತು. ಅಡುಗೆಯವರ, ಸಹಾಯಕರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕು ಅಂತ. ಯಾಕೆ ಹೇಳಿತು? ಒಂದೇ ಸಾಲಿನಲ್ಲಿ ಕೂತು, ಒಂದೇ ಪಾತ್ರೆಯ ಅನ್ನ ಉಂಡ ಮಗು ನಾಳೆ ದೊಡ್ಡದಾದಾಗ ಗೇಟಿನ ಮುಂದೆ ಹೋಗಿ ನಿಲ್ಲುವುದಿಲ್ಲ ಅನ್ನುವ ನಂಬಿಕೆಯಿಂದ ಅಂತ ನಾನು ತಿಳಿದಿದ್ದೇನೆ. ಪಾಠದ ಪುಸ್ತಕದಲ್ಲಿ ೧೭ನೇ ವಿಧಿ ಓದಿಸುವುದು ಹತ್ತು ನಿಮಿಷದ ಕೆಲಸ. ಆ ವಿಧಿಯನ್ನು ತಟ್ಟೆಯಲ್ಲಿ ಬಡಿಸುವುದು ದಿನದಿನದ ಕೆಲಸ.

ಇದು ತಮಿಳರ ರೋಗ, ಬಸವಣ್ಣನ ನಾಡಿನಲ್ಲಿ ಹಾಗಿಲ್ಲ ಅಂತ ಯಾರಾದರೂ ಅಂದುಕೊಳ್ಳಬಹುದು. ನಮ್ಮ ತಾಳವಾಡಿಯಿಂದ ಬಸ್ಸು ಹತ್ತಿದರೆ ಚಾಮರಾಜನಗರ. ಆ ತಾಲ್ಲೂಕಿನ ಹೊಮ್ಮ ಗ್ರಾಮದ ಸರ್ಕಾರಿ ಶಾಲೆಯ ಸುದ್ದಿ ೨೦೨೫ರ ಜೂನ್‌ನಲ್ಲಿ ಎಲ್ಲ ಪತ್ರಿಕೆಗಳಲ್ಲೂ ಬಂತು. ದಲಿತ ಮಹಿಳೆ ಮುಖ್ಯ ಅಡುಗೆಯವರಾದ ಮೇಲೆ ಪೋಷಕರು ಒಬ್ಬರ ಹಿಂದೆ ಒಬ್ಬರು ಮಕ್ಕಳನ್ನು ಬಿಡಿಸಿಕೊಂಡರು, ೨೨ ಮಕ್ಕಳಿದ್ದ ಶಾಲೆ ಖಾಲಿಯಾಗುವ ಸ್ಥಿತಿಗೆ ಬಂತು ಅಂತ ವರದಿ. ಕಲಿಕೆ ಸರಿಯಿಲ್ಲ, ಅದಕ್ಕೇ ಬಿಡಿಸಿದ್ದು ಅಂತ ಕೆಲವು ಪೋಷಕರು ಹೇಳಿದರಂತೆ. ಜಿಲ್ಲೆಯ ದೊಡ್ಡ ಅಧಿಕಾರಿಗಳು ಶಾಲೆಗೆ ಹೋಗಿ ಮಕ್ಕಳ ಜೊತೆ ಕೂತು ಊಟ ಮಾಡಿದರು. ಒಳ್ಳೆಯದೇ. ಆದರೆ ಅಧಿಕಾರಿಗಳು ಉಣ್ಣುವುದು ಒಂದು ದಿನ. ಮಾರನೇ ದಿನ ಜೀಪು ಇರುವುದಿಲ್ಲ, ಕ್ಯಾಮೆರಾ ಇರುವುದಿಲ್ಲ. ಅಲ್ಲಿ ಉಳಿಯುವವರು ಮೇಷ್ಟ್ರು ಮತ್ತು ಅಡುಗೆಯಾಕೆ, ಇಬ್ಬರೇ.

ಹಾಗಾಗಿ ಈ ಕೆಲಸ ಮೇಷ್ಟ್ರುಗಳದ್ದು ಅಂತ ನನ್ನ ಅಭಿಪ್ರಾಯ. ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಶಾಲೆಗೂ ಹೊಸ ಅಡುಗೆಯಾಕೆ ಬಂದರು. ಬಂದ ವಾರದಲ್ಲೇ ಮೂರು ಮಕ್ಕಳ ಬ್ಯಾಗಿನಲ್ಲಿ ಟಿಫಿನ್ ಡಬ್ಬಿ ಕಾಣಿಸಿಕೊಂಡಿತು. "ಹೊಟ್ಟೆ ಸರಿ ಇಲ್ಲ ಮಿಸ್" ಅಂದಿತು ಒಂದು. ಮೂವರಿಗೂ ಒಂದೇ ವಾರ ಹೊಟ್ಟೆ ಕೆಡುವುದೆಂದರೇನು! ನಾನು ಮಕ್ಕಳನ್ನು ಏನೂ ಕೇಳಲಿಲ್ಲ. ಅವು ಡಬ್ಬಿ ಹೊತ್ತು ತರುವ ಮಕ್ಕಳು, ಡಬ್ಬಿ ಕಟ್ಟಿದವರಲ್ಲ. ಅಂದಿನಿಂದ ಸ್ಟಾಫ್ ರೂಮಿನ ನನ್ನ ಊಟವನ್ನು ವರಾಂಡಕ್ಕೆ ತಂದೆ. ಮಕ್ಕಳ ಸಾಲಿನಲ್ಲೇ ಕೂತು, ಆಕೆ ಬಡಿಸಿದ್ದನ್ನೇ ಉಂಡೆ. ಹೆಡ್‌ಮಾಸ್ಟರೂ ಬಂದು ಕೂತರು, ಅವರ ಬಗ್ಗೆ ನನಗೆ ಇವತ್ತಿಗೂ ಗೌರವ.

ಆಮೇಲೆ ಮನೆಗಳಿಗೆ ಹೋದೆ. ಒಬ್ಬರು ಕಾಫಿ ಕೊಟ್ಟು ಬಹಳ ಮರ್ಯಾದೆಯಿಂದಲೇ ಹೇಳಿದರು, "ಮಿಸ್, ನಮಗೂ ಆಕೆ ಮೇಲೆ ಏನೂ ಇಲ್ಲ. ಬೇರೆ ಶಾಲೆಗೆ ಹಾಕಿಸಿಬಿಡಿ. ಇಬ್ಬರಿಗೂ ಒಳ್ಳೆಯದು." ನಾನು ಬ್ಯಾಗಿನಿಂದ ಒಂದು ಬಿಳಿ ಹಾಳೆ ತೆಗೆದು ಕೊಟ್ಟೆ. "ಇದನ್ನೇ ಬರೆದು ಸಹಿ ಹಾಕಿ ಕೊಡಿ, ಮೇಲಕ್ಕೆ ಕಳಿಸುತ್ತೇನೆ" ಅಂದೆ. ಅವರು ಹಾಳೆ ಮುಟ್ಟಲಿಲ್ಲ. ಮೂರು ಮನೆಯಲ್ಲೂ ಯಾರೂ ಬರೆಯಲಿಲ್ಲ. ಬಾಯಲ್ಲಿ ಸಂಪ್ರದಾಯವಾಗಿದ್ದದ್ದು ಕಾಗದಕ್ಕೆ ಬಂದರೆ ಅಪರಾಧ ಅಂತ ಅವರಿಗೂ ಗೊತ್ತು.

ಅಡುಗೆಯಾಕೆಗೂ ಈ ಮಾತು ಕಿವಿಗೆ ಬಿದ್ದಿತ್ತು. ಪಾತ್ರೆ ತೊಳೆಯುತ್ತಾ ಕೇಳಿದರು, "ನಾ ಯಾಕ್ ಹೋಗ್ಲಿ ಮಿಸ್ಸು? ನಮ್ ಮನ ಇಲ್ಲೇ ಅದಲ್ಲ." ನನ್ನ ಹತ್ತಿರ ಅದಕ್ಕಿಂತ ಒಳ್ಳೆಯ ವಾದ ಇವತ್ತಿಗೂ ಇಲ್ಲ.

ಎರಡು ಡಬ್ಬಿಗಳು ಒಂದು ತಿಂಗಳೊಳಗೆ ನಿಂತವು. ಮೂರನೇ ಮಗುವಿನ ತಂದೆ ಟಿ.ಸಿ. ಕೇಳಿದರು. ಟಿ.ಸಿ. ತಡೆಯುವ ಅಧಿಕಾರ ನಮಗಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕೇಳಿದ ಕೂಡಲೇ ಕೊಡಬೇಕು. ಕೊಟ್ಟೆವು. ಚೆನ್ನಾಗಿ ಓದುತ್ತಿದ್ದ ಹುಡುಗಿ, ಮಗ್ಗಿ ಇಪ್ಪತ್ತರವರೆಗೂ ತಪ್ಪಿಲ್ಲದೆ ಹೇಳುತ್ತಿದ್ದಳು. ಹೋಗುವಾಗ ಅಳುತ್ತಿದ್ದಳು. ಅವಳನ್ನು ಉಳಿಸಿಕೊಳ್ಳಬೇಕು ಅಂತ ಅಡುಗೆಯಾಕೆಯನ್ನು ಕಳಿಸಿದ್ದರೆ ಉಳಿದ ಅಷ್ಟೂ ಮಕ್ಕಳಿಗೆ ನಾವು ಏನು ಪಾಠ ಹೇಳಿದಂತಾಗುತ್ತಿತ್ತು? ನ್ಯಾಯದ ಪರ ನಿಂತರೆ ನಷ್ಟವೇ ಇಲ್ಲ ಅಂತ ನಾನು ಹೇಳುವುದಿಲ್ಲ. ನಷ್ಟವಿದೆ. ಅದನ್ನು ಯಾರ ಮೇಲೆ ಹಾಕುತ್ತೇವೆ ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು.

ಇಲ್ಲಿ ಈರೋಡಿನವರನ್ನೊಬ್ಬರನ್ನು ನೆನೆಯಬೇಕು. ಪೆರಿಯಾರ್ ರಾಮಸ್ವಾಮಿಯವರ ಮನೆಮಾತು ಕನ್ನಡ, ಎಷ್ಟು ಜನಕ್ಕೆ ಗೊತ್ತೋ ಇಲ್ಲವೋ. ೧೯೨೪ರಲ್ಲಿ ತಿರುವಾಂಕೂರಿನ ವೈಕಂನಲ್ಲಿ ಮಹಾದೇವ ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ಅವರ್ಣರು ನಡೆಯುವಂತಿರಲಿಲ್ಲ. ಆ ಸತ್ಯಾಗ್ರಹಕ್ಕೆ ಈರೋಡಿನಿಂದ ಹೋದ ಪೆರಿಯಾರ್ ಎರಡು ಸಲ ಜೈಲು ಕಂಡರು. ಅವರೇನು ಅವರ್ಣರಲ್ಲ, ವೈಕಂ ಅವರ ಊರೂ ಅಲ್ಲ. ಆ ಹೋರಾಟದ ನೂರನೇ ವರ್ಷಕ್ಕೆ ತಮಿಳುನಾಡು ಸರ್ಕಾರ ಕೊಟ್ಟ ಮೊದಲ ವೈಕಂ ಪ್ರಶಸ್ತಿ ೨೦೨೪ರಲ್ಲಿ ಸಂದದ್ದು ನಮ್ಮ ದೇವನೂರ ಮಹಾದೇವ ಅವರಿಗೆ. ಗಡಿಯ ಎರಡೂ ಕಡೆಯವರು ಸಂತೋಷಪಡಬೇಕಾದ ವಿಷಯ ಇದು.

ವೈಕಂನಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಸತ್ಯಾಗ್ರಹಿಗಳಿಗೆ ಊಟ ಹಾಕಲು ಪಂಜಾಬಿನಿಂದ ಅಕಾಲಿ ಸಿಖ್ಖರು ಬಂದು ಅಡುಗೆಮನೆ ತೆರೆದಿದ್ದರು. ಕ್ರೈಸ್ತರಾದ ಜಾರ್ಜ್ ಜೋಸೆಫ್ ಮುಂದಾಳಾಗಿದ್ದರು. ಇದು ಹಿಂದೂಗಳ ಒಳಗಿನ ವಿಷಯ, ಹಿಂದೂಗಳೇ ಮಾಡಲಿ ಅಂತ ಗಾಂಧೀಜಿ ಹೇಳಿದ್ದರಿಂದ ಇವರೆಲ್ಲ ಹಿಂದೆ ಸರಿಯಬೇಕಾಯಿತು. ಗಾಂಧೀಜಿಯ ಬಗ್ಗೆ ನನಗಿರುವ ಭಕ್ತಿ ಕಡಿಮೆಯೇನಲ್ಲ. ಆದರೂ ಈ ಮಾತನ್ನು ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ. ಅನ್ಯಾಯಕ್ಕೆ ಒಳಗಿನದು ಹೊರಗಿನದು ಅಂತ ಇದೆಯೇ? ಹಸಿದವರಿಗೆ ಅನ್ನ ಹಾಕಲು ಬಂದವರ ಧರ್ಮ ಕೇಳುವುದಕ್ಕೂ, ಅನ್ನ ಬೇಯಿಸುವವರ ಜಾತಿ ಕೇಳುವುದಕ್ಕೂ ನಡುವಿನ ದಾರಿ ಅಷ್ಟೇನೂ ಉದ್ದವಿಲ್ಲ.

ಜಾತಿ ಮತ್ತು ಧರ್ಮ ಬೇರೆ ಬೇರೆ ಅಂತ ನಾವು ತಿಳಿದಿರುತ್ತೇವೆ. ಕೇರಿಯಲ್ಲಿ ಹಾಗಿಲ್ಲ. ಅದೇ ಕೇರಿಯಿಂದ ಚರ್ಚಿಗೆ ಹೋಗುವ ಹೆಂಗಸು ಇದೇ ಶಾಲೆಗೆ ಅಡುಗೆಗೆ ಬಂದಳು ಅನ್ನಿ. ಗೇಟಿನ ಮುಂದೆ ನಿಲ್ಲುವವರು ಅವಳ ಕೊರಳಲ್ಲಿ ಶಿಲುಬೆ ಇದೆಯೇ ಅಂತ ನೋಡಿ ಒಳಗೆ ಬಿಡುವುದಿಲ್ಲ, ಅಪ್ಪ ಯಾರು ಅಂತ ನೋಡಿ ತಡೆಯುತ್ತಾರೆ. ಆದರೆ ೧೯೫೦ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಅವಳು ಪರಿಶಿಷ್ಟ ಜಾತಿಯವಳೇ ಅಲ್ಲ. ಆ ಆದೇಶಕ್ಕೆ ೧೯೫೬ರಲ್ಲಿ ಸಿಖ್ಖರನ್ನೂ, ೧೯೯೦ರಲ್ಲಿ ಬೌದ್ಧರನ್ನೂ ಸೇರಿಸಿದರು, ಕ್ರೈಸ್ತರನ್ನು ಮುಸ್ಲಿಮರನ್ನು ಸೇರಿಸಲಿಲ್ಲ. ಕ್ರೈಸ್ತನಾದವನು ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಕೇಳಲಾಗದು ಅಂತ ೨೦೨೫ರಲ್ಲಿ ಆಂಧ್ರ ಹೈಕೋರ್ಟ್ ಕೂಡ ಹೇಳಿತು. ಅಂದರೆ ಅವಳ ಜಾತಿ ತಡೆಯುವವರ ಕಣ್ಣಿಗೆ ಕಾಣುತ್ತದೆ, ಕಾನೂನಿನ ಕಣ್ಣಿಗೆ ಕಾಣುವುದಿಲ್ಲ! ಪ್ರಾರ್ಥನೆಯ ಜಾಗ ಬದಲಾಯಿಸಿದ್ದಕ್ಕೆ ಇಷ್ಟು ದೊಡ್ಡ ದಂಡವೇ?

ಮುಸ್ಲಿಮರ ವಿಷಯಕ್ಕೆ ಬಂದರೂ ಅದೇ "ಗಲಾಟೆ ಬೇಡ" ಎದುರಾಗುತ್ತದೆ. ಕೊಯಮತ್ತೂರು ೧೯೯೭ ಮತ್ತು ೯೮ರಲ್ಲಿ ಏನೇನು ಕಂಡಿತು ಅಂತ ಈ ಭಾಗದವರಿಗೆ ಹೇಳಬೇಕಾಗಿಲ್ಲ. ನವೆಂಬರ್‌ನಲ್ಲಿ ಒಬ್ಬ ಪೊಲೀಸ್ ಪೇದೆಯ ಕೊಲೆ, ಅದರ ಹಿಂದೆಯೇ ಗಲಭೆ ಮತ್ತು ಗೋಲಿಬಾರಿನಲ್ಲಿ ೧೮ ಮುಸ್ಲಿಮರ ಸಾವು, ಮರುವರ್ಷ ಫೆಬ್ರವರಿ ೧೪ರಂದು ಸರಣಿ ಬಾಂಬುಗಳಿಗೆ ೫೮ ಜನ ಬಲಿ. ಬಾಂಬು ಇಟ್ಟವರಿಗೆ ೨೦೦೭ರಲ್ಲಿ ಶಿಕ್ಷೆಯಾಯಿತು, ಆಗಲೇಬೇಕಿತ್ತು. ಆದರೆ ಬಾಂಬಿಗೂ ತನಗೂ ಯಾವ ಸಂಬಂಧವೂ ಇಲ್ಲದ, ಆಗಿನ್ನೂ ಹುಟ್ಟೇ ಇರದ ಹೆಣ್ಣುಮಗಳೊಬ್ಬಳು ಇವತ್ತೂ ದಂಡ ಕಟ್ಟುತ್ತಿದ್ದಾಳೆ.

ನನ್ನ ಜೊತೆಯ ಒಬ್ಬ ಚಿಕ್ಕ ವಯಸ್ಸಿನ ಟೀಚರ್ ವಿಷಯ ಹೇಳುತ್ತಿದ್ದೇನೆ. ಈ ಕಡೆಯ ಒಂದು ಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕಲು ಅವಳ ಜೊತೆ ನಾನೂ ಹೋಗಿದ್ದೆ. ಮನೆ ತೋರಿಸುವಾಗ ಎಲ್ಲರಿಗೂ ಟೀಚರ್ ಅಂದರೆ ಸಂತೋಷ. ಹೆಸರು ಕೇಳಿದ ಮೇಲೆ ಮನೆ ನಿನ್ನೆಯೇ ಬೇರೆಯವರಿಗೆ ಕೊಟ್ಟುಬಿಟ್ಟಿರುತ್ತದೆ. ನಾಲ್ಕನೇ ಮನೆಯಲ್ಲಿ ನಾನು ಕೇಳಿದೆ, "ಹಾಗಾದರೆ ನನಗೆ ಕೊಡುತ್ತೀರಾ?" "ಕೊಡೋಣ ಅಮ್ಮ, ಯಾವಾಗ ಬರ್ತೀರಿ?" ಅಂದರು. "ಮತ್ತೆ ಖಾಲಿ ಇದೆಯಲ್ಲ?" ಅಂದೆ. ಅವರು ನೆಲ ನೋಡುತ್ತಾ ಹೇಳಿದರು, "ನನಗೇನೂ ಇಲ್ಲಮ್ಮಾ. ಅಕ್ಕಪಕ್ಕದವರು ಒಪ್ಪಲ್ಲ. ಗಲಾಟೆ ಬೇಡ ಅಂತ." ಕೊನೆಗೆ ಅವಳಿಗೆ ಮನೆ ಸಿಕ್ಕಿದ್ದು ಶಾಲೆಯಿಂದ ದೂರದಲ್ಲಿ, ಅವರದೇ ಜನ ಇರುವ ಬೀದಿಯಲ್ಲಿ. ದಿನಾ ಎರಡು ಬಸ್ಸು ಬದಲಾಯಿಸಿ ಬರುತ್ತಾಳೆ. ನಾಳೆ ಅದೇ ಅಕ್ಕಪಕ್ಕದವರು "ಅವರೆಲ್ಲ ಒಂದೇ ಕಡೆ ಗುಂಪಾಗಿ ಇರ್ತಾರೆ ನೋಡಿ" ಅನ್ನುತ್ತಾರೆ!

ಅಡುಗೆಯಾಕೆಯ ವರ್ಗಾವಣೆಯೂ ಈ ಬಾಡಿಗೆ ಮನೆಯೂ ನನಗೆ ಒಂದೇ ಲೆಕ್ಕದ ಎರಡು ಉದಾಹರಣೆಗಳ ಹಾಗೆ ಕಾಣುತ್ತವೆ. ದ್ವೇಷಿಸುವವರು ಎಲ್ಲ ಊರಿನಲ್ಲೂ ನಾಲ್ಕೇ ಜನ. ಉಳಿದವರು ಆ ನಾಲ್ವರಿಗೆ ಹೆದರಿ, ಎದುರಿಗಿರುವ ಒಬ್ಬರನ್ನು ಬೇರೆ ಕಡೆ ಕಳಿಸಿ, ಅದಕ್ಕೆ ಸೌಹಾರ್ದ ಅಂತ ಹೆಸರಿಡುತ್ತೇವೆ. ಅದಕ್ಕೇ ಇಂಥ ಪ್ರಸಂಗ ಬಂದಾಗಲೆಲ್ಲ ನಾನು ಒಂದೇ ಒಂದು ವಿಷಯ ಕೇಳಿಕೊಳ್ಳುತ್ತೇನೆ. ಈಗ ಇಲ್ಲಿಂದ ಹೋಗು ಅಂತ ಯಾರಿಗೆ ಹೇಳುತ್ತಿದ್ದಾರೆ? ತಪ್ಪು ಮಾಡಿದವರಿಗೋ, ತಪ್ಪಿಗೆ ಸಿಕ್ಕಿದವರಿಗೋ? ಎರಡನೆಯದಾದರೆ ಅದು ರಾಜಿಯಲ್ಲ, ಆ ಕಾಗದಕ್ಕೆ ನನ್ನ ಸಹಿ ಬೀಳುವುದಿಲ್ಲ.

ದೊಡ್ಡ ಭಾಷಣ ಮಾಡಲು ನನಗೆ ಬರುವುದಿಲ್ಲ. ಟಿ.ಸಿ.ಎಚ್. ಓದಿದವಳು, ಮಕ್ಕಳಿಗೆ ಕಾಗುಣಿತ ಹೇಳಿಕೊಡುವವಳು. ಒಂದು ಸಣ್ಣ ಕೆಲಸ ಹೇಳುತ್ತೇನೆ, ಆಗುತ್ತದಾ ನೋಡಿ. ನಿಮ್ಮ ಊರಿನ ಸರ್ಕಾರಿ ಶಾಲೆಗೆ ಒಂದು ಮಧ್ಯಾಹ್ನ ಹೋಗಿ. ಹೆಡ್‌ಮಾಸ್ಟರನ್ನು ಕೇಳಿ ಮಕ್ಕಳ ಸಾಲಿನಲ್ಲಿ ಕೂತು ಊಟ ಮಾಡಿ. ಬಡಿಸಿದವರ ಹೆಸರು ಕೇಳಿ, ಸಾರು ಚೆನ್ನಾಗಿದ್ದರೆ ಚೆನ್ನಾಗಿದೆ ಅಂತ ಹೇಳಿ. ಜಾತಿ ಕೇಳಬೇಡಿ. ಫೋಟೋ ತೆಗೆಯಬೇಡಿ. ಆಗಾಗ ಹೋಗುತ್ತಿರಿ.